ಕೆಲಸ ಕೊಟ್ಟು ನೋಡಿ

(ಮುಂಬಯಿ ಉಪನಗರದ ಕನ್ನಡ ಸಂಘವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಕಾಗದ ನೋಡಿಕೊಂಡೇ ಮಾತಾಡುತ್ತೇನೆ. ಎದುರಿಗಿರುವವರಿಗೆ ಮುಖ ಕೊಟ್ಟು ಮಾತಾಡುವುದು ನನ್ನಿಂದ ಆಗುವುದಿಲ್ಲ. ಮುಖ ನೋಡಿದರೆ ಮಾತು ತಪ್ಪುತ್ತದೆ, ಮಾತು ಹಿಡಿದರೆ ಮುಖ ಬಿಡಬೇಕಾಗುತ್ತದೆ. ಸದ್ದು ಮಾಡುತ್ತಿದ್ದ ಈ ಮೂಲೆಯ ಫ್ಯಾನನ್ನು ಆರಿಸಿಕೊಟ್ಟ ಕಾರ್ಯದರ್ಶಿಯವರಿಗೆ ಮೊದಲು ಧನ್ಯವಾದ ಹೇಳುತ್ತೇನೆ. ಸೆಕೆಗೆ ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ನನಗೆ ಆಟಿಸಂ ಇದೆ. ಅಂದರೆ ಮಾತುಕತೆ, ಸದ್ದು, ಜನರ ಹಾವಭಾವ ಇವನ್ನು ನನ್ನ ತಲೆ ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ತೆಗೆದುಕೊಳ್ಳುತ್ತದೆ. ಮುಲುಂಡಿನಲ್ಲಿ ಹುಟ್ಟಿ ಬೆಳೆದವಳು, ಮನೆಯವರು ಉಡುಪಿ ಕಡೆಯವರು. ಬಿ.ಕಾಂ. ಓದಿದ್ದೇನೆ. ಈಗ ಠಾಣೆಯಲ್ಲಿ ಒಬ್ಬರು ಚಾರ್ಟರ್ಡ್ ಅಕೌಂಟೆಂಟರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಆಟಿಸಂ ಇರುವವರು ಕೆಲಸ ಹುಡುಕಲು ಹೊರಟಾಗ ದಾರಿ ಎಲ್ಲಿ ಕಟ್ಟಿಹೋಗುತ್ತದೆ, ಅದನ್ನು ಬಿಡಿಸಲು ಈ ಸಭೆಯಲ್ಲಿ ಕುಳಿತವರು ಏನು ಮಾಡಬಹುದು ಎಂದು ಹೇಳಲು ಬಂದಿದ್ದೇನೆ. ಹೋಟೆಲ್ ನಡೆಸುವವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಆಡಿಟರುಗಳು, ಸಣ್ಣ ಕಾರ್ಖಾನೆ ಇಟ್ಟುಕೊಂಡವರು ಇಷ್ಟು ಜನ ಒಂದೇ ಕಡೆ ಸಿಗುವುದು ಅಪರೂಪ. ಅದಕ್ಕೇ ಒಪ್ಪಿಕೊಂಡೆ.

ನಮ್ಮ ಹಿರಿಯರು ಈ ಊರಿಗೆ ಬಂದು ಕೆಲಸ ಹಿಡಿದ ಬಗೆ ನಿಮಗೆಲ್ಲ ಗೊತ್ತು. ಕಿಸೆಯಲ್ಲಿ ಊರಿನವರೊಬ್ಬರ ವಿಳಾಸ ಬರೆದ ಚೀಟಿ. ಹೋಟೆಲಿನ ಧಣಿಯ ಎದುರು ಹೋಗಿ ನಿಂತರೆ ಯಾರ ಮಗ, ಯಾವ ಊರು ಎಂದು ಎರಡು ಮಾತು ಕೇಳಿ ಒಳಗೆ ಕಳಿಸುತ್ತಿದ್ದರು. ಮೋರಿಯಲ್ಲಿ ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕುಳಿತು, ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕು ಸೇರಿದವರು ನಿಮ್ಮ ಮನೆಗಳಲ್ಲೇ ಇದ್ದಾರೆ. ಕೈಗೆ ಕೆಲಸ ಕೊಟ್ಟರು, ನಾಲ್ಕು ದಿನ ನೋಡಿದರು, ಇಟ್ಟುಕೊಂಡರು. ಆ ಕಾಲದಲ್ಲಿ ದುಡಿಸಿಕೊಂಡದ್ದೂ ಬಹಳ ಇತ್ತು, ಓದುವ ವಯಸ್ಸಿನ ಮಕ್ಕಳು ಬಚ್ಚಲಲ್ಲಿ ಮಲಗಿದ್ದೂ ಇತ್ತು. ಅದು ಮರಳಿ ಬರುವುದು ಬೇಡ. ಆದರೆ ಮನುಷ್ಯನನ್ನು ಅವನ ಕೆಲಸ ನೋಡಿ ಅಳೆಯುವ ಆ ಒಂದು ರೂಢಿ ಇತ್ತಲ್ಲ, ನನ್ನಂಥವರಿಗೆ ಬೇಕಾಗಿರುವುದು ಅದೇ.

ಈಗ ಆ ಜಾಗಕ್ಕೆ ಸಂದರ್ಶನ ಬಂದಿದೆ. ಅಂಧೇರಿಯಲ್ಲೋ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲೋ ಒಂದು ಗಾಜಿನ ಕೋಣೆ, ಎದುರಿಗೆ ಇಬ್ಬರೋ ಮೂವರೋ, ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ನನಗೆ ಏನೇನಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ಅದು ಕಾಣುವುದಿಲ್ಲ. ಕುಳಿತ ಕೂಡಲೇ "ಬರಲು ತೊಂದರೆ ಆಗಲಿಲ್ಲ ತಾನೇ?" ಎನ್ನುತ್ತಾರೆ. ಅದು ಮಾತಿಗೆ ಪೀಠಿಕೆ ಎಂದು ಈಗ ಕಲಿತಿದ್ದೇನೆ. ಆಗ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ: ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೊ ಹತ್ತುವಾಗ ಸಾಲು ಎಲ್ಲಿಯವರೆಗೆ ಇತ್ತು, ಯಾವ ಮೆಟ್ಟಿಲು ಮುಚ್ಚಿದ್ದರು, ಎಲ್ಲ. ಎದುರಿನವರ ಮುಖದಲ್ಲಿ ಏನೋ ಬದಲಾಗುತ್ತಿತ್ತು. ಏನೆಂದು ಹೊಳೆಯುತ್ತಿರಲಿಲ್ಲ. ಅಷ್ಟರಲ್ಲಿ ಟ್ಯೂಬ್‌ಲೈಟಿನ ಗುಂಯ್‌ಗುಡುವ ಸದ್ದು, ಎಸಿಯ ಸದ್ದು, ಒಬ್ಬರು ಪೆನ್ನಿನ ತುದಿ ಒತ್ತುತ್ತಿರುವ ಟಿಕ್ ಟಿಕ್, ಇನ್ನೊಬ್ಬರ ಪ್ರಶ್ನೆ ಇವೆಲ್ಲ ಒಂದೇ ಎತ್ತರದಲ್ಲಿ ಕಿವಿಗೆ ಬೀಳುತ್ತವೆ. ನಿಮ್ಮ ತಲೆ ತಾನಾಗಿಯೇ ಪ್ರಶ್ನೆಯನ್ನು ಮುಂದಕ್ಕೆ ತಂದು ಉಳಿದದ್ದನ್ನು ಹಿಂದೆ ತಳ್ಳುತ್ತದೆ. ನಾನು ಆ ಕೆಲಸವನ್ನು ಕೈಯಾರೆ ಮಾಡಬೇಕು. ಆಮೇಲೆ "ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆ. ಎಲ್ಲಿಂದ, ಎಲ್ಲಿಯವರೆಗೆ, ಯಾವುದಕ್ಕಾಗಿ? "ಐದು ವರ್ಷ ಬಿಟ್ಟು ಎಲ್ಲಿರುತ್ತೀರಿ?" ಎಂದರೆ ನಿಜ ಹೇಳಬೇಕೋ, ಅವರಿಗೆ ಬೇಕಾದದ್ದು ಹೇಳಬೇಕೋ? ನಿಜವೆಂದರೆ ಗೊತ್ತಿಲ್ಲ. "ಗೊತ್ತಿಲ್ಲ" ಎಂದರೆ ಅಲ್ಲಿಗೆ ಮುಗಿಯಿತು.

ನನ್ನನ್ನು ಕರೆದದ್ದು ಲೆಕ್ಕ ತಾಳೆ ಮಾಡುವ ಕೆಲಸಕ್ಕೆ. ಆ ಅರ್ಧ ಗಂಟೆಯಲ್ಲಿ ಒಬ್ಬರೂ ಒಂದು ಲೆಕ್ಕ ಮುಂದಿಡುತ್ತಿರಲಿಲ್ಲ. ದೋಸೆ ಹುಯ್ಯುವ ಭಟ್ಟರನ್ನು ಭಾಷಣ ಕೇಳಿ ಆರಿಸಿದ ಹಾಗೆ.

ಇದು ನನ್ನೊಬ್ಬಳ ಅನಿಸಿಕೆ ಎಂದು ತಿಳಿಯಬೇಡಿ. 2017ರಲ್ಲಿ ಅಮೆರಿಕದ ಡಲ್ಲಾಸ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ನೋವಾ ಸ್ಯಾಸನ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಆಟಿಸಂ ಇರುವವರು ಮತ್ತು ಇಲ್ಲದವರು ಮಾತಾಡುವ ಚಿಕ್ಕ ಚಿಕ್ಕ ತುಣುಕುಗಳನ್ನು ಜನರಿಗೆ ತೋರಿಸಿದರು. ಯಾರಿಗೆ ಏನಿದೆ ಎಂದು ಹೇಳಲಿಲ್ಲ. ಕೆಲವೇ ಕ್ಷಣ ನೋಡಿದವರು ಆಟಿಸಂ ಇರುವವರ ಬಗ್ಗೆ ಕಡಿಮೆ ಒಳ್ಳೆಯ ಅಭಿಪ್ರಾಯ ತಾಳಿದರು, ಅವರ ಜೊತೆ ಮಾತಿಗೆ ಕೂರಲು ಹಿಂಜರಿದರು. ಆಮೇಲೆ ಅದೇ ಮಾತುಗಳನ್ನು, ಚಿತ್ರವಿಲ್ಲದೆ ದನಿಯಿಲ್ಲದೆ, ಬರೀ ಬರಹದಲ್ಲಿ ಓದಲು ಕೊಟ್ಟರು. ಆಗ ಆ ವ್ಯತ್ಯಾಸ ಕಾಣಲೇ ಇಲ್ಲ. ಹೇಳಿದ ವಿಷಯದಲ್ಲಿ ಕೊರತೆ ಇರಲಿಲ್ಲ. ದನಿಯ ಏರಿಳಿತ, ಕಣ್ಣು, ಕೈ, ಕೂರುವ ಭಂಗಿ ನೋಡಿಯೇ ಜನ ತೀರ್ಪು ಕೊಟ್ಟಿದ್ದರು. ಸಂದರ್ಶನ ಎಂಬುದು ಇಡೀ ಇವುಗಳ ಮೇಲೆ ನಿಂತಿದೆ.

ಬ್ರಿಟನ್ನಿನಲ್ಲಿ 2024ರಲ್ಲಿ ರಾಬರ್ಟ್ ಬಕ್‌ಲ್ಯಾಂಡ್ ಎಂಬ ಮಾಜಿ ಮಂತ್ರಿಯ ನೇತೃತ್ವದಲ್ಲಿ ಸರಕಾರಕ್ಕೆ ಒಂದು ವರದಿ ಬಂತು. ಆಟಿಸಂ ಇರುವ ವಯಸ್ಕರಲ್ಲಿ ಕೆಲಸದಲ್ಲಿರುವವರು ಹತ್ತರಲ್ಲಿ ಸುಮಾರು ಮೂವರು ಎಂದು ಅದು ಹೇಳಿತು. ಬೇರೆ ಬೇರೆ ಅಂಗವೈಕಲ್ಯ ಇರುವವರನ್ನೆಲ್ಲ ಸೇರಿಸಿ ನೋಡಿದರೆ ಅಲ್ಲಿ ಹತ್ತರಲ್ಲಿ ಐವರು ಕೆಲಸದಲ್ಲಿದ್ದಾರೆ. ಎಲ್ಲ ಸೌಲಭ್ಯ ಇರುವ ದೇಶದ ಮಾತು ಇದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಇಲ್ಲಿ ಹೇಳಲೇಬೇಕು. ಚಿಕ್ಕವಳಿದ್ದಾಗ ನಾನು ಮಾತಾಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದೆ. "ಎಷ್ಟು ಸಮಾಧಾನದ ಹುಡುಗಿ, ಇದ್ದರೆ ಹೀಗಿರಬೇಕು" ಎಂದು ಅತ್ತೆಯಂದಿರು ಅಮ್ಮನ ಹತ್ತಿರ ಹೊಗಳುತ್ತಿದ್ದರು. ನನ್ನ ವಯಸ್ಸಿನ ಹುಡುಗ ಹಾಗೆ ಕೂತಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರೋ ಏನೋ. ಯಾರಿಗೂ ಸಂಶಯ ಬರಲಿಲ್ಲ. ಕಾಲೇಜು ಮುಗಿದ ಮರುದಿನದಿಂದ ಅದೇ ಗುಣ ದೋಷವಾಯಿತು. ಬಾಯಿ ಬಿಡುವುದಿಲ್ಲ, ಜಂಬ, ಯಾರ ಜೊತೆಯೂ ಬೆರೆಯುವುದಿಲ್ಲ. ಮೊದಲು ಸೇರಿದ ಕಚೇರಿಯಲ್ಲಿ ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರಿಲ್ಲ. ಆದರೆ ಪ್ರೊಬೇಷನ್ ಮುಗಿಯುವ ಹೊತ್ತಿಗೆ "ಟೀಮಿಗೆ ಹೊಂದಿಕೊಳ್ಳುತ್ತಿಲ್ಲ" ಎಂದು ಬರೆದುಕೊಟ್ಟು ಕಳಿಸಿದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಎಲ್ಲರ ಜೊತೆ ಹಂಚಿಕೊಂಡು ಊಟ ಮಾಡುತ್ತಿರಲಿಲ್ಲ ಎಂಬುದೂ ಅದರಲ್ಲಿ ಸೇರಿತ್ತು. ಆ ಊಟದ ಕೋಣೆಯ ಗದ್ದಲದಲ್ಲಿ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಗೆ ಬಂದರೆ "ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ. ಕೆಲಸ ಸಿಗದ ಹುಡುಗನಿಗೆ ನಾಲ್ಕು ಕಡೆ ಹೇಳಿಡುತ್ತಾರೆ, ಕೆಲಸ ಸಿಗದ ಹುಡುಗಿಗೆ ಗಂಡು ನೋಡುತ್ತಾರೆ. ಆಟಿಸಂ ಇರುವ ಹೆಣ್ಣುಮಕ್ಕಳು ಎಷ್ಟೋ ಮಂದಿ ಹೀಗೆ ಲೆಕ್ಕಕ್ಕೇ ಸಿಗದೆ ಉಳಿದಿದ್ದಾರೆ.

ಇನ್ನು ನನಗೆ ಈಗಿನ ಕೆಲಸ ಸಿಕ್ಕಿದ್ದು. ಆಡಿಟರರ ಹೆಂಡತಿ ಮತ್ತು ಅಮ್ಮ ಒಂದೇ ಭಜನಾ ಮಂಡಳಿಯವರು. ಅಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಹುಡುಗಿ ಮಾತು ಕಡಿಮೆ, ಡಾಕ್ಟರು ಆಟಿಸಂ ಎಂದಿದ್ದಾರೆ, ಲೆಕ್ಕದಲ್ಲಿ ಗಟ್ಟಿ. ಹೋದಾಗ ಆಡಿಟರು, "ನೋಡು ಮಗಾ, ಮಾತುಕತೆ ಆಮೇಲೆ ನೋಡುವ. ಇದನ್ನು ತಾಳೆ ಮಾಡಿ ಇಡು. ಎಷ್ಟು ಹೊತ್ತು ಬೇಕಾದರೂ ತಕೋ" ಎಂದು ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿ ಪುಸ್ತಕ ಮತ್ತು ಜಿಎಸ್‌ಟಿ ಪೋರ್ಟಲಿನಿಂದ ಇಳಿಸಿದ ಪಟ್ಟಿ ಕೊಟ್ಟು ಒಳಗಿನ ಕೋಣೆಗೆ ಕಳಿಸಿದರು.

ಆ ಕೆಲಸ ಏನೆಂದು ವ್ಯಾಪಾರ ಮಾಡುವವರಿಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. ಅಂಗಡಿಯವರು ಮಾಲು ತರಿಸುವಾಗ ತೆರಿಗೆ ಕೊಟ್ಟಿರುತ್ತಾರೆ. ಅದನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ಮಾಲು ಕೊಟ್ಟವರು ಆ ಬಿಲ್ಲನ್ನು ತಮ್ಮ ರಿಟರ್ನಿನಲ್ಲಿ ತೋರಿಸಿರಬೇಕು. ಅವರು ತೋರಿಸಿದ್ದರ ಪಟ್ಟಿ, ಜಿಎಸ್‌ಟಿಆರ್ 2ಬಿ ಎನ್ನುವುದು, ಪ್ರತಿ ತಿಂಗಳು 14ನೇ ತಾರೀಖು ಪೋರ್ಟಲಿನಲ್ಲಿ ಬರುತ್ತದೆ. ತಿಂಗಳ ರಿಟರ್ನ್ ಕಟ್ಟುವವರಿಗೆ 20ನೇ ತಾರೀಖು ಗಡುವು. ನಡುವಿನ ಆ ಕೆಲವು ದಿನದಲ್ಲಿ ಎರಡೂ ಪಟ್ಟಿಯ ಒಂದೊಂದು ಬಿಲ್ಲನ್ನೂ ಹೊಂದಿಸಿ ನೋಡಬೇಕು. ಅಂಗಡಿಯ ಪುಸ್ತಕದಲ್ಲಿ "024/ಎ" ಎಂದಿರುವ ಬಿಲ್ಲು ಅಲ್ಲಿ "24ಎ" ಎಂದಿರುತ್ತದೆ. ಒಬ್ಬರು ಬಿಲ್ಲಿನ ತಾರೀಖು ಹಾಕಿರುತ್ತಾರೆ, ಇನ್ನೊಬ್ಬರು ಮಾಲು ಬಂದ ತಾರೀಖು. ಒಂದೇ ಹೆಸರಿನ ಎರಡು ಅಂಗಡಿ, ಜಿಎಸ್‌ಟಿ ನಂಬರಿನ ಒಂದು ಅಕ್ಷರ ಬೇರೆ. ಇಂಥವು ಕಣ್ಣಿಗೆ ಬಿದ್ದಾಗ ನನಗೆ ಒಳಗೆ ಒಂದು ಸಮಾಧಾನ ಆಗುತ್ತದೆ, ಅದನ್ನು ಹೇಗೆ ಹೇಳಬೇಕೋ ತಿಳಿಯದು. ಸಂಜೆ ಅವರು ಬಂದು ನೋಡಿದರು. ಹೊಂದದೆ ಉಳಿದ ಬಿಲ್ಲುಗಳ ಪಟ್ಟಿ, ಪ್ರತಿಯೊಂದರ ಎದುರು ಏಕೆ ಹೊಂದಲಿಲ್ಲ ಎಂಬ ಕಾರಣ. "ನಾಳೆಯಿಂದ ಬಾ" ಎಂದರು.

ಅಲ್ಲಿ ನನಗೆ ಮಾಡಿಕೊಟ್ಟ ಅನುಕೂಲಗಳಿಗೆ ಖರ್ಚೇನೂ ಆಗಿಲ್ಲ. ಗೋಡೆಗೆ ಮುಖ ಮಾಡಿದ ಮೇಜು, ಹಿಂದೆ ಓಡಾಟವಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಅಡ್ಡಿಯಿಲ್ಲ. ಹೇಳಬೇಕಾದದ್ದನ್ನು ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸುತ್ತಾರೆ. "ಸ್ವಲ್ಪ ಬೇಗ ಮುಗಿಸು" ಎನ್ನುವ ಬದಲು "ನಾಲ್ಕು ಗಂಟೆಗೆ ಬೇಕು" ಎನ್ನುತ್ತಾರೆ. ಗ್ರಾಹಕರ ಫೋನನ್ನು ಬೇರೆಯವರು ಎತ್ತುತ್ತಾರೆ. ಕೆಲಸದ ವೇಳೆಯನ್ನು ಬೆಳಿಗ್ಗೆ ಬೇಗ ಮಾಡಿಕೊಟ್ಟಿದ್ದಾರೆ. ಕೊನೆಯದ್ದು ಎಲ್ಲಕ್ಕಿಂತ ದೊಡ್ಡದು.

ಏಕೆಂದರೆ ಮುಂಬಯಿಯಲ್ಲಿ ಕೆಲಸ ಎಂದರೆ ಲೋಕಲ್ ಕೂಡ. ಜನದಟ್ಟಣೆಯ ಹೊತ್ತಿನಲ್ಲಿ ನಿಲ್ಲುವ ಜಾಗದ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ಇರುತ್ತಾರೆ ಎಂದು ರೈಲ್ವೆಯ ಲೆಕ್ಕ. ಅಷ್ಟು ಜನರ ಮೈ ತಗಲುವುದು, ಬೆವರು, ಸುಗಂಧ, ಬಾಗಿಲಲ್ಲಿ ಜಗಳ, ಕ್ಲಿಪ್ಪು ಬಳೆ ಮಾರುವವರ ಕೂಗು ಇವೆಲ್ಲವನ್ನು ದಾಟಿ ಕಚೇರಿ ಸೇರುವಾಗಲೇ ನನ್ನ ಆ ದಿನದ ಶಕ್ತಿ ಮುಗಿದಿರುತ್ತಿತ್ತು. ಆಮೇಲೆ ಎಂಟು ಗಂಟೆ ದುಡಿಯಬೇಕು, ನಗುಮುಖದಲ್ಲಿರಬೇಕು. ಅಂಧೇರಿಯ ಒಳ್ಳೆಯ ಸಂಬಳಕ್ಕಿಂತ ಠಾಣೆಯ ಕಡಿಮೆ ಸಂಬಳ ನನಗೆ ಲಾಭ ಆದದ್ದು ಹೀಗೆ. ಕೆಲಸ ಹುಡುಕುವ ತಮ್ಮ ತಂಗಿಯರಿಗೆ ನನ್ನ ಮೊದಲ ಮಾತು ಇದೇ: ಕಂಪನಿಯ ಹೆಸರು ನೋಡುವ ಮೊದಲು ರೈಲಿನ ದಿಕ್ಕು ನೋಡಿ. ಡೊಂಬಿವಲಿಯಲ್ಲಿದ್ದರೆ ಅಂಬರನಾಥ, ಬದಲಾಪುರದ ಕಡೆ ಬೆಳಿಗ್ಗೆ ಗಾಡಿ ಸಡಿಲ. ನಡೆದು ಹೋಗುವಷ್ಟು ಹತ್ತಿರ ಸಿಕ್ಕರೆ ಬಿಡಬೇಡಿ.

ಸಂದರ್ಶನಕ್ಕೆ ಹೋಗಲೇಬೇಕಾಗಿ ಬಂದರೆ ಹಿಂದಿನ ದಿನ ಆ ಕಟ್ಟಡದವರೆಗೆ ಹೋಗಿ ಬನ್ನಿ. ಯಾರು ಮಾತಾಡಿಸುತ್ತಾರೆ, ಎಷ್ಟು ಹೊತ್ತು, ಏನು ಕೇಳುತ್ತಾರೆ ಎಂದು ಮೇಲ್ ಬರೆದು ಕೇಳಿ. ಕೇಳಬಾರದು ಎಂದೇನಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕೇಟಿ ಮರಾಸ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂದರ್ಶನದ ಪ್ರಶ್ನೆಗಳನ್ನು ಖಚಿತವಾಗಿ, ಬಿಡಿಸಿ ಕೇಳಿದಾಗ ಆಟಿಸಂ ಇರುವವರ ಉತ್ತರಗಳು ಸುಧಾರಿಸಿದವು, ಇಲ್ಲದವರದ್ದೂ ಸುಧಾರಿಸಿದವು. ಮಾಡಿದ ಕೆಲಸದ ಮಾದರಿ ಏನಾದರೂ ಇದ್ದರೆ ಕೈಯಲ್ಲಿ ಹಿಡಿದು ಹೋಗಿ, "ಇದನ್ನು ತೋರಿಸಬಹುದೇ?" ಎಂದು ನೀವೇ ಕೇಳಿ. ಅಲ್ಲಿಂದ ಮಾತು ಕೆಲಸದ ಕಡೆ ತಿರುಗುತ್ತದೆ.

ಆಟಿಸಂ ಇದೆ ಎಂದು ಹೇಳಬೇಕೇ ಬೇಡವೇ? ಎಲ್ಲರೂ ಕೇಳುವ ಪ್ರಶ್ನೆ. ಮೊದಲೇ ಹೇಳಿಬಿಡುವುದು ಸರಿ ಎನ್ನುವವರಿದ್ದಾರೆ, ಅವರ ಧೈರ್ಯಕ್ಕೆ ನನ್ನ ಗೌರವ ಇದೆ. ನನ್ನ ಅಭಿಪ್ರಾಯ ಬೇರೆ. ಗುರುತಿಲ್ಲದ ಜಾಗದಲ್ಲಿ ಹೆಸರಿಗಿಂತ ಅಗತ್ಯವನ್ನು ಹೇಳಿ. "ನನಗೆ ಸೂಚನೆಗಳು ಬರಹದಲ್ಲಿ ಬೇಕು, ಗದ್ದಲದಲ್ಲಿ ಕೆಲಸ ಮಾಡಲು ಆಗುವುದಿಲ್ಲ" ಎಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುತ್ತದೆ. "ಆಟಿಸಂ" ಎಂದರೆ ಅವರು ಎಲ್ಲೋ ಕಂಡ ಯಾವುದೋ ಮಗುವನ್ನು ನೆನೆಸಿಕೊಂಡು ಹೆದರುತ್ತಾರೆ. ಸರಕಾರಿ ಹುದ್ದೆಗೆ ಮೀಸಲಾತಿಯಲ್ಲಿ ಅರ್ಜಿ ಹಾಕುವಾಗ ಮಾತ್ರ ಹೇಳಲೇಬೇಕು, ಅಂಗವೈಕಲ್ಯದ ಪ್ರಮಾಣಪತ್ರವೂ ಬೇಕು.

ಆ ಪ್ರಮಾಣಪತ್ರದ ಬಗ್ಗೆ ನಮ್ಮವರಲ್ಲಿ ತಿಳಿವಳಿಕೆ ಕಡಿಮೆ. ಅಂಗವಿಕಲರ ಹಕ್ಕುಗಳ 1995ರ ಕಾನೂನಿನಲ್ಲಿ ಆಟಿಸಂ ಇರಲೇ ಇಲ್ಲ, ಅಲ್ಲಿದ್ದದ್ದು ಏಳು ಅಂಗವೈಕಲ್ಯಗಳು. 2016ರ ಕಾನೂನು ಅವನ್ನು 21ಕ್ಕೆ ಏರಿಸಿತು, ಆಟಿಸಂ ಅದರಲ್ಲಿ ಸೇರಿತು, 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಸರಕಾರಿ ಹುದ್ದೆಗಳಲ್ಲಿ ಶೇ 4 ಮೀಸಲು. ಅದರಲ್ಲಿ ಶೇ 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಇಷ್ಟೂ ಮಂದಿಗೆ ಸೇರಿ. ಬಹಳ ಕಡಿಮೆ, ಆದರೆ ಮೊದಲು ಅದೂ ಇರಲಿಲ್ಲ. ಇದಕ್ಕೆ ಅಂಗವೈಕಲ್ಯ ಶೇ 40ಕ್ಕೆ ಕಡಿಮೆ ಇಲ್ಲ ಎಂಬ ಪ್ರಮಾಣಪತ್ರ ಬೇಕು. ಸರಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿದರೆ ಕೆಇಎಂ, ಸಯನ್, ನಾಯರ್‌ನಂಥ ಆಸ್ಪತ್ರೆಯಲ್ಲಿ ಪರೀಕ್ಷೆ. ಆಟಿಸಂಗೆ ಬಳಸುವ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. 70 ಮುಟ್ಟಿದರೆ ಆಟಿಸಂ ಎಂದು ಲೆಕ್ಕ. ಕಾರ್ಡು ಕೈಗೆ ಬಂದಾಗ ನಮ್ಮ ದೊಡ್ಡಪ್ಪ, "ಹಾಗಾದರೆ ಅಷ್ಟು ಶೇಕಡಾ ಬುದ್ಧಿ ಇಲ್ಲ ಅಂತಲೇ?" ಎಂದು ಕಂಗಾಲಾಗಿ ಕೇಳಿದರು. ಅಲ್ಲ. ಅದು ಸರಕಾರದ ಸೌಲಭ್ಯಕ್ಕೆ ಹಾಕಿದ ಗೆರೆ. ಬುದ್ಧಿಯನ್ನು ಅದು ಅಳೆಯುವುದಿಲ್ಲ.

ಒಂದು ವಿಷಯ ನಮ್ಮ ಪಾಲಿಗೆ ದೊಡ್ಡದು, ಅದನ್ನು ಎಷ್ಟು ಮಂದಿ ಗಮನಿಸಿದ್ದಾರೋ ತಿಳಿಯದು. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಿಗೆ, ಗ್ರೂಪ್ ಬಿಯ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದಿದ್ದಾರೆ. ಸರಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗೂ ಸಂದರ್ಶನ ಇಲ್ಲ, ಪರೀಕ್ಷೆ ಬರೆದು ಆ ರಾಜ್ಯದ ಭಾಷೆ ಬರುತ್ತದೆ ಎಂದು ತೋರಿಸಿದರೆ ಸಾಕು. ಲಂಚ, ವಶೀಲಿ ತಡೆಯಲು ಮಾಡಿದ ನಿಯಮ ಇದು, ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಆದರೆ ನಮ್ಮ ಎದುರಿನ ಗೋಡೆಯೇ ಬಿದ್ದ ಹಾಗಾಗಿದೆ. ಸರಕಾರದ ಮಾರ್ಗಸೂಚಿಯ ಪ್ರಕಾರ ಶೇ 40ರ ಪ್ರಮಾಣಪತ್ರ ಇದ್ದವರಿಗೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಮಯ ಕೊಡಲು ಅವಕಾಶ ಇದೆ. ಜಾಹೀರಾತು ನೋಡುವಾಗ ಹುದ್ದೆಯ ಎದುರು "ಎಎಸ್‌ಡಿ" ಎಂದು ಇದೆಯೇ ನೋಡಿ, ಆ ಹುದ್ದೆ ಆಟಿಸಂ ಇರುವವರಿಗೆ ತಕ್ಕದ್ದೆಂದು ಗುರುತಿಸಿದ್ದಾರೆ ಎಂದರ್ಥ. ಬ್ಯಾಂಕಿನ ಕೌಂಟರಿನ ಜನಜಂಗುಳಿ ಎಲ್ಲರಿಗೂ ಆಗುವುದಿಲ್ಲ, ಅದನ್ನೂ ಯೋಚಿಸಬೇಕು. ಆದರೂ ಬಿ.ಕಾಂ., ಬಿ.ಎ. ಮಾಡಿ ಮನೆಯಲ್ಲಿ ಕುಳಿತ ಮಕ್ಕಳಿದ್ದರೆ ಈ ಪರೀಕ್ಷೆಗಳಿಗೆ ಕೂರಿಸಿ. ಇಲ್ಲಿರುವ ನಿವೃತ್ತ ಬ್ಯಾಂಕಿನವರು ವಾರಕ್ಕೊಮ್ಮೆ ಪಾಠ ಹೇಳಿಕೊಡಲು ಮನಸ್ಸು ಮಾಡಿದರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಖಾಸಗಿಯಲ್ಲಿ ಮೀಸಲಾತಿ ಇಲ್ಲ. ಆದರೆ 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು, ಅಂಗವಿಕಲರಿಗೆ ಯಾವ ಹುದ್ದೆ, ಯಾವ ಸೌಲಭ್ಯ ಎಂದು ಅದರಲ್ಲಿ ಹೇಳಬೇಕು ಎಂದು ನಿಯಮ ಇದೆ. ನಿಮ್ಮಲ್ಲಿ ಹಲವರ ಹೋಟೆಲು, ಕಚೇರಿ ಈ ಲೆಕ್ಕಕ್ಕೆ ಬರುತ್ತವೆ. ಬರೆದಿಲ್ಲದಿದ್ದರೆ ಬರೆಯಿರಿ.

ಆಟಿಸಂ ಎಂದಕೂಡಲೇ ಕಂಪ್ಯೂಟರ್ ಎನ್ನುವವರೂ ಇದ್ದಾರೆ. ಅದಕ್ಕೆ ಕಾರಣ ಇಲ್ಲದಿಲ್ಲ. ಡೆನ್ಮಾರ್ಕಿನ ಥೋರ್ಕಿಲ್ ಸೊನ್ನೆ ಎಂಬವರು ತಮ್ಮ ಮಗನಿಗೆ ಆಟಿಸಂ ಇದೆ ಎಂದು ತಿಳಿದ ಮೇಲೆ 2004ರಲ್ಲಿ ಸ್ಪೆಷಲಿಸ್ಟರ್ನೆ ಎಂಬ ಕಂಪನಿ ಕಟ್ಟಿದರು. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಆಟಿಸಂ ಇರುವವರನ್ನೇ ತೆಗೆದುಕೊಂಡರು. ಸಂದರ್ಶನದ ಬದಲು ಲೆಗೊ ರೋಬೊಟ್ ಕಟ್ಟಲು ಕೊಟ್ಟು ಹೇಗೆ ಯೋಚಿಸುತ್ತಾರೆ ಎಂದು ನೋಡುತ್ತಿದ್ದರು. ಅವರ ಜೊತೆ ಸೇರಿ ಜರ್ಮನಿಯ ಎಸ್‌ಎಪಿ ಕಂಪನಿ 2013ರಲ್ಲಿ ಇಂಥದ್ದೇ ಯೋಜನೆ ಶುರುಮಾಡಿತು, ನಮ್ಮ ಬೆಂಗಳೂರಿನಲ್ಲೂ ಜನರನ್ನು ತೆಗೆದುಕೊಂಡಿತು. ಇದು ದಾರಿ ತೆರೆದ ಕೆಲಸ, ಸಂಶಯವಿಲ್ಲ. ಆದರೆ ನನಗೆ ಗೊತ್ತಿರುವ ಆಟಿಸಂ ಇರುವವರಲ್ಲಿ ಗಿಡ ನೋಡಿಕೊಳ್ಳುವವರಿದ್ದಾರೆ, ಹೊಲಿಗೆ ಮಾಡುವವರಿದ್ದಾರೆ, ಓದು ಹತ್ತದೆ ಇದ್ದವರಿದ್ದಾರೆ. ಅವರಿಗೂ ಕೆಲಸ ಬೇಕು.

ಪೂರ್ವ ಉಪನಗರದ ಒಂದು ಉಡುಪಿ ಹೋಟೆಲಿನಲ್ಲಿ ಒಬ್ಬ ಹುಡುಗ ಪಾರ್ಸೆಲ್ ಕಟ್ಟುತ್ತಾನೆ. ಎರಡು ಮೂರು ಪದಗಳಲ್ಲಿ ಮಾತು ಮುಗಿಸುತ್ತಾನೆ, ಎಸ್ಸೆಸ್ಸಿ ಆಗಿಲ್ಲ. ಅವನು ಕೆಲಸ ಕಲಿತದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲ ದಿನ ಮ್ಯಾನೇಜರು "ಚಟ್ನಿ ನೋಡಿಕೊಂಡು ಹಾಕು" ಎಂದರು. ಅವನು ಚಟ್ನಿಯನ್ನೇ ನೋಡುತ್ತಾ ನಿಂತ. ಹಾಕಲಿಲ್ಲ. ಎಷ್ಟು ಎಂದು ಹೇಳಿರಲಿಲ್ಲವಲ್ಲ. ಅವರು ಬೈಯಲಿಲ್ಲ, ಅದು ಅವರ ದೊಡ್ಡತನ. ಅವನ ತಾಯಿಯನ್ನು ಕೇಳಿದರು. ತಾಯಿ ಒಂದು ಚಿಕ್ಕ ಸ್ಟೀಲ್ ಸೌಟು ತೋರಿಸಿ, ಇಡ್ಲಿಗೆ ಇಷ್ಟು, ದೋಸೆಗೆ ಇಷ್ಟು ಎಂದು ಅಳತೆ ಕಟ್ಟಿಕೊಟ್ಟರು. ಮರುದಿನ ಗೋಡೆಗೆ ಒಂದು ಹಾಳೆ ಬಂತು: ಇಡ್ಲಿ, ಮೆದುವಡೆ, ಸಾದಾ, ಮಸಾಲಾ, ಪ್ರತಿಯೊಂದರ ಚಿತ್ರ, ಎದುರಿಗೆ ಎಷ್ಟು ಚಟ್ನಿ ಪೊಟ್ಟಣ, ಎಷ್ಟು ಸಾಂಬಾರ್ ಪೊಟ್ಟಣ. ಮಿಕ್ಸರಿನ ಪಕ್ಕದಲ್ಲಿದ್ದ ಜಾಗದಲ್ಲಿ ಅವನು ಕಿವಿ ಮುಚ್ಚಿಕೊಂಡು ಕೂರುತ್ತಿದ್ದ, ಚಹಾದ ಕೌಂಟರಿನ ಹಿಂದಕ್ಕೆ ಬದಲಿಸಿದರು. ಮಧ್ಯಾಹ್ನದ ನೂಕುನುಗ್ಗಲಿಗೆ ಮೊದಲೇ ಪೊಟ್ಟಣ ಕಟ್ಟಿ ಸಾಲಾಗಿ ಇಟ್ಟುಬಿಡುತ್ತಾನೆ. ಗಿರಾಕಿಗಳು ಮುಗಿಬೀಳುವ ಹೊತ್ತಿಗೆ ಮೇಲಿನ ಮಾಳಿಗೆಯಲ್ಲಿ ಕೂತು, ಸಡಿಲವಾದ ಮೇಲೆ ಇಳಿದು ಬರುತ್ತಾನೆ. ಪಾರ್ಸೆಲಿನಲ್ಲಿ ಚಟ್ನಿ ಇಲ್ಲ ಎಂಬ ದೂರು ನಿಂತಿತು. ಊರಿನಿಂದ ಹೊಸದಾಗಿ ಬಂದ ಹುಡುಗರೂ ಈಗ ಆ ಹಾಳೆ ನೋಡಿಯೇ ಕಲಿಯುತ್ತಾರೆ. ಆ ವಿಭಾಗದ ಉಳಿದವರಿಗೆ ಎಷ್ಟು ಸಂಬಳವೋ ಅವನಿಗೂ ಅಷ್ಟೇ. ಪಾಪ ಎಂದು ಕೊಡುವ ಕೈಖರ್ಚಿಗೂ ಸಂಬಳಕ್ಕೂ ಇರುವ ಅಂತರ ಅವನಿಗೆ ಚೆನ್ನಾಗಿ ಗೊತ್ತು. ತಾರೀಖು ಆದರೆ ಕೇಳಿ ಪಡೆಯುತ್ತಾನೆ.

ತಂದೆತಾಯಿಯರಿಗೆ ಒಂದು ಮಾತು, ಇದನ್ನು ಹೇಳುವುದು ಸುಲಭವಲ್ಲ. ನಮ್ಮ ಸಮಾಜದಲ್ಲಿ ಮಗನಿಗೆ ಆಟಿಸಂ ಇದೆ ಎಂದರೆ ಮಗಳ ಸಂಬಂಧ ತಪ್ಪುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುತ್ತಾರೆ. ಸಭೆ ಸಮಾರಂಭಕ್ಕೆ ಕರೆತರುವುದಿಲ್ಲ. ಹೆದರಿಕೆ ಸುಳ್ಳಲ್ಲ, ಸಂಬಂಧ ತಪ್ಪಿದ ಮನೆಗಳನ್ನು ನಾನೂ ಕಂಡಿದ್ದೇನೆ. ಆದರೆ ಈ ಊರಿನಲ್ಲಿ ನಮ್ಮವರಿಗೆ ಕೆಲಸ ಸಿಗುವುದೇ ಪರಿಚಯದಿಂದ. ಮುಚ್ಚಿಟ್ಟ ಮಗುವಿಗೆ ಪರಿಚಯ ಎಲ್ಲಿಂದ ಬರಬೇಕು? "ನಮ್ಮ ನಂತರ ಇವನ ಗತಿ ಏನು" ಎಂದು ನೀವು ರಾತ್ರಿ ನಿದ್ದೆಗೆಡುತ್ತೀರಿ. ದಿನಕ್ಕೆ ಎರಡು ಗಂಟೆಯ ಕೆಲಸವಾದರೂ ಒಂದು ಕಡೆ ಇದ್ದರೆ, ಅವನನ್ನು ಹೆಸರು ಹಿಡಿದು ಕರೆಯುವ ನಾಲ್ಕು ಜನ ಮನೆಯ ಹೊರಗೆ ಇರುತ್ತಾರೆ.

ಭಾಷಣ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ನನ್ನ ಮಗ ಮಾತೇ ಆಡುವುದಿಲ್ಲ, ಜೊತೆಗೆ ಯಾವಾಗಲೂ ಒಬ್ಬರು ಇರಬೇಕು. ಅವನಿಗೆ ನೀವು ಹೇಳಿದ್ದು ಯಾವುದೂ ಹೊಂದುವುದಿಲ್ಲವಲ್ಲ?" ಎಲ್ಲರೂ ಸಂಬಳದ ಕೆಲಸ ಮಾಡಲೇಬೇಕು ಎಂದು ನಾನು ಹೇಳುವುದಿಲ್ಲ. ದುಡಿದರೆ ಮಾತ್ರ ಮನುಷ್ಯನಿಗೆ ಬೆಲೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅವರ ಮಗನಿಗೆ ಏನು ಇಷ್ಟ ಎಂದು ಕೇಳಿದೆ. ಕಾಗದ ಹರಿಯುವುದು, ನೀಟಾಗಿ, ಪಟ್ಟಿ ಪಟ್ಟಿಯಾಗಿ, ಗಂಟೆಗಟ್ಟಲೆ ಎಂದರು. ನಮ್ಮ ಕಚೇರಿಯಲ್ಲಿ ಹಳೆಯ ಕಡತಗಳನ್ನು ಹರಿದು ಹಾಕಲು ಜನ ಸಿಗುವುದಿಲ್ಲ. ಆಡಿಟರ ಹತ್ತಿರ ಮಾತಾಡಿದ್ದೇನೆ, ಬರುವ ತಿಂಗಳು 20ರ ಗಡುವು ಕಳೆದ ಮೇಲೆ ತಾಯಿಯೊಂದಿಗೆ ಬಂದು ಕೂತು ನೋಡಲಿ ಎಂದಿದ್ದಾರೆ.

ಹೋಟೆಲ್ ಮಾಲಕರೊಬ್ಬರು ನೇರವಾಗಿ ಕೇಳಿದರು: "ನನ್ನಲ್ಲಿ ಒಬ್ಬರನ್ನು ತೆಗೆದುಕೊಳ್ಳಲು ತಯಾರು. ಏನು ಮಾಡಬೇಕು?" ಕಾರ್ಯದರ್ಶಿಯವರ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. "ಕೆಲಸ ಇದೆ" ಎಂದು ಮಾತ್ರ ಬರೆಯಬೇಡಿ. ಯಾವ ಕೆಲಸ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ಸ್ಟೇಷನ್, ಸ್ಟೇಷನ್ನಿನಿಂದ ನಡೆದರೆ ಎಷ್ಟು ದೂರ, ಸದ್ದು ಎಷ್ಟು, ನಿಂತು ಮಾಡುವುದೋ ಕೂತು ಮಾಡುವುದೋ, ಕೆಲಸ ಕಲಿಸುವವರು ಯಾರು, ಸಂಬಳ ಎಷ್ಟು ಎಂದು ಬರೆಯಿರಿ. ಐದಾರು ದಿನ ಕೆಲಸ ಮಾಡಿಸಿ ನೋಡಿ, ಆ ದಿನಗಳಿಗೂ ಸಂಬಳ ಕೊಡಿ. ಆಗದಿದ್ದರೆ ಏಕೆ ಆಗಲಿಲ್ಲ ಎಂದು ಕಾರಣ ಬರೆದು ಕೊಡಿ, ಮುಂದಿನ ಕಡೆ ಅದು ಉಪಯೋಗಕ್ಕೆ ಬರುತ್ತದೆ. ಮಕ್ಕಳ ಕಡೆಯವರಿಗೆ ಅದೇ ಪುಸ್ತಕವನ್ನು ಹಿಂದಿನಿಂದ ತೆರೆದರೆ ಜಾಗ ಇದೆ: ಏನು ಮಾಡಲು ಬರುತ್ತದೆ, ಏನು ಆಗುವುದಿಲ್ಲ, ಒಬ್ಬರೇ ಪ್ರಯಾಣ ಮಾಡುತ್ತಾರೋ ಇಲ್ಲವೋ. ಹೆಸರು ಬೇಡವೆಂದರೆ ಕ್ರಮಸಂಖ್ಯೆ ಸಾಕು. ಎರಡನ್ನೂ ಹೊಂದಿಸಿ ನೋಡುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಫೋನ್ ಮಾಡಬೇಡಿ, ಬರೆದು ಕಳಿಸಿ.